ಆಯಿಲ್ ಚೇಂಬರ್ ಸೋರುತ್ತಿದೆ

ಪಿಕಪ್ಪಿನ ಕೆಳಗೆ ತೂರಿಸಿದ ಕೈಯನ್ನು ಡ್ರೈವರ್ ಹೊರಗೆಳೆದು ಮೂಸಿದ. ಹೆಂಡತಿಯ ಅಡುಗೆ ಮೂಸುವಾಗಿನಂತೆಯೇ ಮುಖ ಹಿಂಡಿದ.

"ಮತ್ತೆ ಸೋರಿದೆ. ಕರೆಸು ನಿನ್ನ ತಮ್ಮನ್ನ. ಮೆಕ್ಯಾನಿಕ್ ಅಂತ ಬೋರ್ಡ್ ಹಾಕ್ಕೊಂಡಿದಾನಲ್ಲ, ಆ ಬೋರ್ಡಿನ ಮರ್ಯಾದೆಯಾದ್ರೂ ಉಳಿಸ್ಲಿ."

ಹೆಂಡತಿ ಫೋನು ಮಾಡಲು ಒಳಗೆ ಹೋದಳು.

ಹರೆಯದಿಂದ ಲಾರಿ ಓಡಿಸಿ ಮನೆ ಸೇರಿದವನು ಅವನು. ಈ ಹಳೆಯ ಡೀಸೆಲ್ ಪಿಕಪ್ ಒಂದನ್ನು ಬಿಟ್ಟರೆ ಮಿಕ್ಕ ಲೋಕವೆಲ್ಲ ಅವನ ಪಾಲಿಗೆ ಕಸ. ಹೋದ ತಿಂಗಳು ಗಾಡಿ ಗೇಟಿನ ಕಂಬಕ್ಕೆ ಉಜ್ಜಿತು. ಬೈಸಿಕೊಂಡವನು ಕಂಬ ಕಟ್ಟಿದ ಗಾರೆಯವನು. ಪತ್ರಿಕೆ ತರಿಸುವುದನ್ನು ನಿಲ್ಲಿಸಿದ. ಈಗಿನವರು ಶಾಯಿಯಲ್ಲೂ ಜಿಪುಣರಂತೆ. ಎದುರುಮನೆಯ ಗುಮಾಸ್ತ ಬೀದಿಯಲ್ಲಿ ಕೈ ಬೀಸಿದರೂ ಕಲ್ಲಿನ ಹಾಗೆ ಮುಂದೆ ಹೋಗುತ್ತಿದ್ದ. ಸೊಕ್ಕು ತಲೆಗೇರಿದೆ ಎಂದು ಬೀದಿಯವರು ಮಾತಾಡಿಕೊಂಡರು.

ಆಮೇಲೆ ಒಂದು ದಿನ, ಸೋಮವಾರದಿಂದ ಮೊಮ್ಮಗಳನ್ನು ಶಾಲೆಗೆ ತಾನೇ ಬಿಟ್ಟು ಬರುವುದಾಗಿ ಸಾರಿದ. ಶಾಲೆಯ ವ್ಯಾನಿನವನಿಗೆ ಸ್ಟೇರಿಂಗ್ ಹಿಡಿಯಲೇ ಬರುವುದಿಲ್ಲವಂತೆ. ಮಗಳು ಅಮ್ಮನ ಮುಖ ನೋಡಿದಳು. ಅಮ್ಮ ತಟ್ಟೆ ತೊಳೆಯುತ್ತಿದ್ದಳು. ಮರುದಿನವೇ ಪಿಕಪ್ಪು ಸೋರತೊಡಗಿತು.

ಭಾನುವಾರ ಭಾಮೈದ ಬಂದ. ಜಾಕ್ ಏರಿಸಿ, ಮರದ ದಿಮ್ಮಿಗಳ ಆಸರೆ ಕೊಟ್ಟು ಕೆಳಗೆ ನುಸುಳಿದ. ಡ್ರೈವರ್ ಪಕ್ಕದಲ್ಲಿ ಸ್ಟೂಲು ಹಾಕಿಕೊಂಡು ಕುಳಿತ. ಕೆಲಸ ಒಬ್ಬನದು, ಬೈಗುಳ ಇನ್ನೊಬ್ಬನದು.

"ಭಾವ, ವಿಚಿತ್ರ. ನೆಲದ ಮೇಲೆ ಇಷ್ಟು ಎಣ್ಣೆ ಸೋರಿದೆ, ಎಂಜಿನ್ನಲ್ಲಿ ಮಾತ್ರ ಮಾರ್ಕ್ ತನಕ ತುಂಬಿದೆ."

"ಎಣ್ಣೆ ನಾನೇ ಸುರೀತಿದ್ದೆ ಕಣೋ," ಎಂದಳು ಬಾಗಿಲಲ್ಲಿ ನಿಂತ ಅಕ್ಕ.

"ಸಾರಿಗೆ ನೀರು ಸುರಿದ ಹಾಗೆ ಸುರಿದಿರ್ತಾಳೆ," ಎಂದ ಗಂಡ. "ಮಾತು ಸಾಕು, ಬೋಲ್ಟ್ ಬಿಚ್ಚು."

ಬೋಲ್ಟುಗಳು ತುಕ್ಕು ಹಿಡಿದು ಕಚ್ಚಿಕೊಂಡಿದ್ದವು. ಭಾಮೈದ ಕೇಳಿದಾಗಲೆಲ್ಲ ಡ್ರೈವರ್ ಸ್ಪ್ಯಾನರಿನ ಬಾಯಿಯನ್ನು ಹೆಬ್ಬೆರಳಲ್ಲಿ ಸವರಿ, ಸರಿಯಾದುದನ್ನೇ ಎತ್ತಿ ಕೊಡುತ್ತಿದ್ದ. "ನಿನ್ನ ಹಾಗೆ ನಂಬರ್ ಓದೋ ಕರ್ಮ ನನಗಿಲ್ಲ."

ಕೊನೆಗೂ ಚೇಂಬರ್ ಕೆಳಗಿಳಿಯಿತು. ಎಂಜಿನ್ನಿನ ಅಡಿಯಲ್ಲಿ ಎಣ್ಣೆ ಹಿಡಿದಿಡುವ ಆ ತಗಡಿನ ತೊಟ್ಟಿ ಮುಟ್ಟಿದಲ್ಲೆಲ್ಲ ಸಿಪ್ಪೆ ಉದುರಿಸುತ್ತಿತ್ತು. ಭಾಮೈದ ಅದನ್ನು ಬಿಸಿಲಿಗೆ ಹಿಡಿದು ತಿರುಗಿಸಿ ನೋಡಿದ.

"ತುಕ್ಕೇನೋ ಇದೆ. ತೂತು ಎಲ್ಲೂ ಕಾಣ್ತಿಲ್ಲ ಭಾವ."

"ಕಣ್ಣಿದ್ದವರಿಗೆ ಕಾಣತ್ತೆ."

ಭಾಮೈದ ಎದ್ದು ಕೈ ತೊಳೆಯಲು ನಲ್ಲಿಯ ಹತ್ತಿರ ಹೋದ. ಅಷ್ಟರಲ್ಲಿ ಹೆಂಡತಿ ಚಹಾ ತಂದು ಸ್ಟೂಲಿನ ಮುಂದೆ ನಿಂತಳು.

"ಎಲ್ಲಿ ಸತ್ತಿದ್ಯೋ ದಂಡಪಿಂಡ? ಆ ಗ್ಯಾಸ್ಕೆಟ್ ಕೊಡು."

"ನಾನು ರೀ."

"ಗೊತ್ತು. ಅಕ್ಕ ತಮ್ಮ ಇಬ್ಬರಲ್ಲಿ ಏನು ವ್ಯತ್ಯಾಸ?"

ಅವಳು ಗ್ಯಾಸ್ಕೆಟ್ಟನ್ನು ಅವನ ಕೈಗಿತ್ತಳು. ಚಹಾ ಲೋಟವನ್ನೂ ಬೆರಳಿಗೆ ತಾಗಿಸಿಯೇ ಕೊಟ್ಟಳು. ಅಂಥ ಸೇವೆಗೆ ಒಂದು ಒಳ್ಳೆಯ ಮಾತೂ ಬರಲಿಲ್ಲ.

ಬಿಡಿಭಾಗದ ಅಂಗಡಿಯಿಂದ ತಂದಿದ್ದ ಹೊಸ ಚೇಂಬರಿನ ಅಂಚಿಗೆ ಪೇಸ್ಟ್ ಬಳಿದು, ಸಂದಿನಲ್ಲಿ ಸೋರದಂತೆ ಗ್ಯಾಸ್ಕೆಟ್ ಕೂರಿಸಿ, ಭಾಮೈದ ಬೋಲ್ಟುಗಳನ್ನು ಎದುರುಬದುರಾಗಿ ಬಿಗಿದ. ಪೇಸ್ಟ್ ಒಣಗಿದ ಮೇಲೆ ಹೊಸ ಎಣ್ಣೆ ತುಂಬಿ ಎಂಜಿನ್ ಚಾಲೂ ಮಾಡಿದರು. ಒಂದು ಹನಿಯೂ ಬೀಳಲಿಲ್ಲ.

"ನಾನು ಕೂತಿದ್ದಕ್ಕೆ ಆಯ್ತು," ಎಂದ ಡ್ರೈವರ್. "ಮಗೂನ ರೆಡಿ ಮಾಡಿಸು. ನಾಳೆ ವ್ಯಾನ್ ಬೇಡ."

ಸೋಮವಾರ ಬೆಳಿಗ್ಗೆ ಅವನು ಮತ್ತೆ ಗಾಡಿಯಡಿಗೆ ಕೈ ಹಾಕಿದ. ಅಂಗೈ ತುಂಬ ಎಣ್ಣೆ.

ಭಾಮೈದನ ವಿದ್ಯೆ, ಅವನಿಗೆ ಕಲಿಸಿದ ಗುರು, ಅವನನ್ನು ಹೆತ್ತ ಮನೆ, ಯಾವುದನ್ನೂ ಬಿಡದೆ ಜಾಲಾಡಿದ. ಮೊಮ್ಮಗಳು ಚೀಲ ಹೊತ್ತು ವ್ಯಾನು ಹತ್ತಿದಳು. ಕಳಪೆ ಗ್ಯಾಸ್ಕೆಟ್ ಮಾರಿದ ಬಿಡಿಭಾಗದ ಅಂಗಡಿಯವನನ್ನು ವಿಚಾರಿಸಿಕೊಳ್ಳಲು ಡ್ರೈವರ್ ಬೀದಿಬದಿಯ ಗೋಡೆಯ ಪಕ್ಕಕ್ಕೇ ಹಾದು ದುಡುದುಡು ಹೊರಟ. ಎದುರಿಗೆ ಬಂದವರೇ ದಾರಿ ಬಿಟ್ಟರು.

ಆಮೇಲೆ ಬಂದ ಭಾಮೈದ ಪಿಕಪ್ಪಿನ ಕೆಳಗೆ ಮಲಗಿ ಬಿಳಿ ಬಟ್ಟೆಯಿಂದ ಚೇಂಬರನ್ನು ಉದ್ದಕ್ಕೂ ಒರೆಸಿದ. ಹೊರಬಂದು ಬಟ್ಟೆಯನ್ನು ಅಕ್ಕನ ಮುಂದೆ ಹಿಡಿದ. ಬಟ್ಟೆ ಬೆಳ್ಳಗೇ ಇತ್ತು.

"ಎಣ್ಣೆ ಮೇಲಿಂದ ಬಿದ್ದಿಲ್ಲ ಅಕ್ಕ. ಯಾರೋ ಕೆಳಗೇ ಸುರಿದಿದಾರೆ."

"ನಿನ್ನೆಯೇ ಹೇಳಿದ್ನಲ್ಲ, ನಾನೇ ಸುರೀತೀನಿ ಅಂತ."

ಭಾಮೈದನ ಮುಖ ಕೆಂಪಾಯಿತು. "ಊರವರ ಮುಂದೆ ನನ್ನ ಮಾನ ಹರಾಜು ಹಾಕಿಸೋ ಬದಲು ಗಾಡಿ ಕೀ ಬಚ್ಚಿಡಬಹುದಿತ್ತಲ್ಲ?"

"ಕೀ ಕಾಣದಿದ್ರೆ ಮನೆಯೆಲ್ಲ ತಡಕಾಡಿ ಹುಡುಕಿಬಿಡ್ತಾರೆ. ಎಣ್ಣೆ ಸೋರಿದ್ರೆ ನಿನ್ನನ್ನ ಬೈದು ಗಾಡಿ ನಿಲ್ಲಿಸ್ತಾರೆ."

"ಗಾಡಿ ನಿಲ್ಲಿಸಿ ನಿನಗೇನು ಸಿಗತ್ತೆ? ಮೊಮ್ಮಗಳನ್ನ ಕರ್ಕೊಂಡು ಹೋಗೋ ಆಸೆ ಪಾಪ ಅವರಿಗೆ."

ಅವಳು ಬೀದಿಯ ತುದಿಯತ್ತ ನೋಡಿದಳು. ಗೋಡೆ ಮುಗಿದ ಕಡೆ ಡ್ರೈವರ್ ಇನ್ನೂ ನಿಂತೇ ಇದ್ದ. ರಸ್ತೆ ದಾಟಲು ಒಂದು ಹೆಜ್ಜೆ ಇಟ್ಟು ಹಿಂದೆಗೆಯುತ್ತಿದ್ದ.

"ನಾನು ಮಾತಾಡದೆ ಎದುರಿಗೆ ನಿಂತ್ರೆ," ಎಂದಳು, "ನಿಂತವಳು ನಾನು ಅಂತ್ಲೇ ಅವರಿಗೆ ಕಾಣ್ಸಲ್ಲ ಕಣೋ."