ಹೆಳವನ ಪುಸ್ತಕದಲ್ಲಿ ಆಯಿ

ನಮ್ಮ ಆಯಿ, ಅಪ್ಪನ ಅವ್ವ ಹಂಪವ್ವ, ತೀರಿಕೊಂಡು ಮೂರು ತಿಂಗಳಾಗಿತ್ತು. ಮನೆತನಗಳ ವಂಶಾವಳಿ ಬರೆದಿಟ್ಟು, ಊರೂರು ತಿರುಗಿ ಓದುವ ಹೆಳವ ಅಂದು ನಮ್ಮ ಮನೆಗೆ ಬಂದ. ಹಾಸ್ಟೆಲಿನಲ್ಲೇ ಓದಿ ಬೆಳೆದ ನನ್ನನ್ನು ಅವನು ನೋಡಿರಲಿಲ್ಲ. ಮನೆಯಲ್ಲಿ ನಾನೊಬ್ಬಳೇ ಇದ್ದೆ. ಕಟ್ಟೆಯ ಮೇಲೆ ಕಂಬಳಿ ಹಾಸಿ, ಆಯಿಯ ಸಂತಾನ ಓದೆಂದು ಕೇಳಿದೆ.

ಬೇರೆ ಜಾತಿಯ ಹುಡುಗನನ್ನು ಮದುವೆಯಾಗುತ್ತೇನೆಂದು ಎರಡು ವರ್ಷದ ಹಿಂದೆ ಆಯಿಗೊಬ್ಬಳಿಗೇ ಹೇಳಿದ್ದೆ. "ಚಲೋ ಆತು ಬಿಡು. ನನ್ನ ಹೊಟ್ಟ್ಯಾಗ ಇಟ್ಕೋತೀನಿ, ಯಾರಿಗೂ ಹೇಳಂಗಿಲ್ಲ," ಎಂದು ತಲೆ ಸವರಿದ್ದಳು. ಅಂದು ಸಂಜೆ ಅಪ್ಪನಿಗೆ ಹೇಳುವವಳಿದ್ದೆ. ಆಯಿ ಒಪ್ಪಿದ್ದಳು ಎಂಬುದೊಂದೇ ನನಗಿದ್ದ ಧೈರ್ಯ.

ಹೆಳವ ರಾಗವಾಗಿ ಓದಿದ. "ಹಂಪವ್ವಗ ಒಬ್ಬನೇ ಮಗ, ಈರಪ್ಪ. ಈರಪ್ಪಗ ಗಂಡೊಂದು, ಹೆಣ್ಣೊಂದು. ಗಂಡು ಮಲ್ಲೇಶಿ."

ಈರಪ್ಪ ನನ್ನ ಅಪ್ಪ, ಮಲ್ಲೇಶಿ ನನ್ನ ಅಣ್ಣ. ಮುಂದೆ ನನ್ನ ಹೆಸರು ಬರಬೇಕಿತ್ತು. ಅವನು ಪುಸ್ತಕ ಮಡಚಿದ.

"ಹೆಣ್ಣಿನ ಹೆಸರು ಓದಲಿಲ್ಲಲ್ಲ, ಅಜ್ಜಾ?"

"ನೀ ಯಾರವಾ? ಮಲ್ಲೇಶಿ ಹೇಂತಿ ಏನು?"

ಅಣ್ಣನ ಹೆಂಡತಿ ಎಂದುಕೊಂಡದ್ದಕ್ಕೆ ನಗು ಬಂತು. ತಲೆ ತಗ್ಗಿಸಿದೆ.

"ನಾಚ್ಕೋಬ್ಯಾಡ, ಸೊಸಿ ಅಂದ್ರ ಮನಿ ಮಗಳ ಇದ್ದಂಗ," ಎಂದು ನಗುತ್ತ ಮತ್ತೆ ಪುಟ ತೆರೆದ.

"ಸುರೇಖಾ ಅಂತಿತ್ತವಾ ಹೆಸರು. ಲಗ್ನ ಆಗೂ ಮೊದ್ಲೇ ಸತ್ತವರನ್ನ ನಾವು ರಾಗದಾಗ ಓದಂಗಿಲ್ಲ. ಹೋದ ಸುಗ್ಗಿಗೆ ಅಕಿ ತೀರಿಕೊಂಡ್ಲಂತ ಹಂಪವ್ವಾರು ತಾವೇ ಕುಂತು ಬರಿಸಿದ್ರು."