ಹಿಂದಿನ ಸೀಟಿನಡಿಯ ಸದ್ದು

ಪೆಟ್ರೋಲ್ ವಾಸನೆ ಬಂದರೆ ಈಗಲೂ ನನ್ನ ಬಲಗಿವಿಗೆ ಬಿಸಿ ತಗಡು ತಾಗಿದಂತಾಗುತ್ತದೆ.

ನಾವುಂದದ ನಮ್ಮ ಗ್ಯಾರೇಜಿಗೆ ಒಂದು ಕಾರು ಬಂದಿತ್ತು. ಅದರ ಯಜಮಾನರು ಮುಂಬೈಯಲ್ಲಿ ಅದಕ್ಕೆ ಎಂಜಿನ್ನಿನ ಬಲ ಹೆಚ್ಚಿಸುವ ದೊಡ್ಡ ಟರ್ಬೋ ಹಾಕಿಸಿದ್ದರು. ಒತ್ತಿನೆಣೆಯ ಏರು ಬಂದರೆ ಸಾಕು, ಮುಗ್ಗರಿಸಿ ನಿಲ್ಲುತ್ತಿತ್ತು. ಅಪ್ಪಯ್ಯ ಮೊದಲ ದಿನವೇ ಪೆಟ್ರೋಲ್ ಟ್ಯಾಂಕಿಗೆ ಕಿವಿಯಿಟ್ಟು, ಒಳಗಿನ ಪಂಪಿನ ಸದ್ದು ಆಲಿಸಿದಂತೆ ಮಾಡಿ, "ಪಂಪ್ ಸರಿ ಇತ್ತ್" ಎಂದಿದ್ದರು. ಆಮೇಲೆ ಪ್ಲಗ್, ಫಿಲ್ಟರ್, ಟರ್ಬೋದ ಪೈಪು ಎಲ್ಲ ಬಿಚ್ಚಿ ಕಟ್ಟಿ ಸುಸ್ತಾಗಿದ್ದರು.

ಮೂರನೆಯ ದಿನ ಮಧ್ಯಾಹ್ನ ಯಜಮಾನರು, "ಇವತ್ತೂ ಆಗ್ದಿದ್ರೆ ಮಂಗ್ಳೂರಿಗೆ ತಕಂಡ್ ಹೋಪುದೇ" ಎಂದರು.

ಅಪ್ಪಯ್ಯ ಹಿಂದಿನ ಸೀಟು ಎತ್ತಿ, ಶಾಲೆಗೆ ರಜೆಯೆಂದು ಗ್ಯಾರೇಜಿನಲ್ಲಿದ್ದ ನನ್ನನ್ನು ಹತ್ತಿಸಿ, ಅದರಡಿಯ ಟ್ಯಾಂಕಿನ ಮುಚ್ಚಳದ ಮೇಲೆ ಕಿವಿ ಇಡಿಸಿದರು. "ಜುಂಯ್ ಅಂಬ ಶಬ್ದ ನಿಂತ್ರೆ ಹೇಳ್ ಮಗಾ."

ಅಪ್ಪಯ್ಯ ಕಾರು ಓಡಿಸಿದರು. ಏರು ಹತ್ತುತ್ತಿದ್ದಂತೆ ಆ ಸದ್ದು ಸಣ್ಣಗಾಗುತ್ತ ಬಂತು. "ಅಪ್ಪಯ್ಯಾ, ನಿಂತ್ಹೋಯ್ತ್!" ಎಂದೆ. ಮರುಗಳಿಗೆ ಕಾರೂ ನಿಂತಿತು.

ತುಸು ತಣಿದ ಮೇಲೆ ಕೀಲಿ ತಿರುಗಿಸಿದರೆ ಪಂಪ್ ಮತ್ತೆ ಜುಂಯ್ ಎಂದಿತು. ಕೆಳಗಿಳಿದು ರಸ್ತೆ ಬದಿಯಲ್ಲಿ ನಿಂತಿದ್ದ ನನಗೂ ಕೇಳುತ್ತಿತ್ತು. ಅಪ್ಪಯ್ಯ ಹಿಂದೆ ಬಂದು, ಮುಚ್ಚಳಕ್ಕೆ ಕಿವಿಯೊತ್ತಿ, ಬಹಳ ಹೊತ್ತು ಬಗ್ಗಿಯೇ ಇದ್ದರು. ಆಮೇಲೆ ಮೆಲ್ಲಗೆ ನನ್ನನ್ನೇ ಕೇಳಿದರು: "ಈಗ ಶಬ್ದ ಕೇಂತಾ ಮಗಾ?"

ಪಂಪ್ ಬದಲಾಯಿಸಿದ ಮೇಲೆ ಕಾರು ಸರಿಯಾಯಿತು. ಮರುದಿನ ಶಾಲೆ ಬಿಡುವಾಗ ಅಪ್ಪಯ್ಯ ಗೇಟಿನಲ್ಲಿ ಕಾಯುತ್ತಿದ್ದರು, ಬೇರೆ ಯಾರದೋ ಕಾರಿನಲ್ಲಿ, ಹಿಂದಿನ ಸೀಟು ಆಗಲೇ ಎತ್ತಿಟ್ಟುಕೊಂಡು.