ಓರೆ ಗೆರೆ

ಮೊಬೈಲಿನೊಳಗಿನ ಹುಲಿ-ಕುರಿ ಆಟದಲ್ಲಿ ಕೊನೆಯ ಹುಲಿಯನ್ನು ಅಂಬಾರಾಯನ ಕುರಿಗಳು ಸುತ್ತುವರಿದಿದ್ದವು. ಇನ್ನೊಂದು ಕುರಿ ನಡೆಸಿದರೆ ಆಟ ಮುಗಿಯುತ್ತಿತ್ತು. ಅಷ್ಟರಲ್ಲಿ ಹುಲಿ ಒಂದು ಓರೆ ಗೆರೆ ಹಿಡಿದು ಹೊರಗೆ ಜಾರಿತು.

"ದಗಾ ಅದ ಇದು! ಅಲ್ಲಿ ಹಾದಿನೇ ಇಲ್ಲ," ಎಂದು ಅವನು ಮೊಬೈಲನ್ನು ಫರಸಿ ಕಲ್ಲಿನ ಮೇಲೆ ಕುಕ್ಕಿದ.

ಗೇಮ್ ಮಾಡಿದ ಅಶ್ವಿನಿ ಬೆದರಲಿಲ್ಲ. "ಇದೇ ಕಲ್ಲಿನ ಫೋಟೋ ನೋಡಿ ಮಾಡೀನ್ರಿ ಕಾಕಾ. ಗೆರಿ ಅದ, ನೋಡ್ರಿ."

ಗೆರೆ ಇತ್ತು. ಶಹಾಬಾದಿನ ಆ ಅಂಗಳದಲ್ಲಿ, ಇಬ್ಬರ ನಡುವೆ ಇದ್ದ ಫರಸಿಯ ಮೇಲೆ ಹುಲಿ-ಕುರಿಯ ಮನೆ ಕೊರೆದವನು ಅಂಬಾರಾಯನೇ. ಹನ್ನೆರಡು ವರ್ಷದ ಹಿಂದೆ ಅವನ ಗೆಳೆಯ ಮಲ್ಲು ಇದೇ ಓರೆ ಗೆರೆಯ ಮೇಲೆ ಹುಲಿ ನಡೆಸಿ ಗೆದ್ದಿದ್ದ. "ಈ ಗೆರಿ ನೀನೇ ಕದ್ದು ಕೊರದಿ," ಎಂದು ಅಂಬಾರಾಯ ಹತ್ತು ಮಂದಿಯ ಎದುರು ಅವನನ್ನು ಎಬ್ಬಿಸಿ ಕಳಿಸಿದ್ದ. ಮಲ್ಲು ಮತ್ತೆ ಈ ಅಂಗಳ ತುಳಿಯಲಿಲ್ಲ. ಅಶ್ವಿನಿ ಆ ಮಲ್ಲುವಿನ ಮಗಳು.

"ನಾಳೆ ಈ ಗೇಮ್ ಎಲ್ಲಾರ ಮೊಬೈಲಿಗೂ ಹೋಗ್ತದ," ಎಂದಳು, ಅವನ ಮುಖದಿಂದ ಕಣ್ಣು ಕೀಳದೆ. "ಈ ಓರೆ ಗೆರಿ ಕೊರದವರು ಯಾರಂತ ಹೇಳ್ರಿ. ಕಳ್ಳ ಗೆರಿ ಇದ್ರ ಈಗೇ ಅಳಸ್ತೀನಿ."

ಅಂಬಾರಾಯ ಹೆಬ್ಬೆರಳನ್ನು ಗೆರೆಯುದ್ದಕ್ಕೂ ಎಳೆದ. ಅದರ ತುದಿಯಲ್ಲಿ ಬೆರಳು ಬಹಳ ಹೊತ್ತು ನಿಂತಿತು.

"ನನ್ನ ಉಳಿ ಜಾರಿತ್ತವ್ವಾ," ಅಂದ. "ಅವತ್ತೂ ನನಗ ಗೊತ್ತಿತ್ತು."

ಅಶ್ವಿನಿ ಗೆರೆ ಅಳಿಸಲಿಲ್ಲ. ಮೊಬೈಲನ್ನು ಎತ್ತಿ ಅವನ ಕಡೆ ತಿರುಗಿಸಿ ಇಟ್ಟಳು.

"ಆಟ ಮುಗಿದಿಲ್ರಿ ಕಾಕಾ. ಈಗ ನಿಮ್ಮ ಪಾಳಿ."